ಪದ ಬೇಕು: ‘ಸ್ಕ್ರ್ಯಾಚ್ ಡಿಸ್ಕ್’ (ಇವತ್ತು ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ.
ಲ್ಯಾಪ್‌ಟಾಪ್‌ನಲ್ಲಿ ಫೋಟೋಶಾಪ್‌ನ ಮೆಮೊರಿ ಸೆಟ್ಟಿಂಗ್ ಬಗ್ಗೆ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ, ಸಂಜೆ ಅಚ್ಚಿಗೆ ಹೋಗಬೇಕು. ‘ರ‍್ಯಾಮ್’, ‘ಮೆಮೊರಿ’ ಹಾಗೇ ಉಳಿಸಿದ್ದೇನೆ. ‘ಸ್ಕ್ರ್ಯಾಚ್ ಡಿಸ್ಕ್’ ಮಾತ್ರ ಬಗೆಹರಿಯುತ್ತಿಲ್ಲ. ಸದ್ಯದ ವಾಕ್ಯ: “ತಾತ್ಕಾಲಿಕ ಡಿಸ್ಕ್ ತುಂಬಿದೆ ಎಂಬ ಸಂದೇಶ ಬಂದರೆ ಫೋಟೋಶಾಪ್‌ಗೆ ರ‍್ಯಾಮ್ ಪೂರ್ತಿ 100% ಕೊಡಿ.” ಆಗಬಹುದೇ?
— ಸು.

> ತಾತ್ಕಾಲಿಕ ಡಿಸ್ಕ್

ಆಗದು. ಡಿಸ್ಕ್ ಕಾಯಂ ಆಗಿಯೇ ಇರುತ್ತದೆ. ತಾತ್ಕಾಲಿಕವಾದದ್ದು ಅದರ ಮೇಲೆ ಬರೆದದ್ದು. ರ‍್ಯಾಮ್ ಸಾಲದಾದಾಗ ಲೇಯರ್ (ಚಿತ್ರದ ಪದರ), ಹಿಸ್ಟರಿ (ಮಾಡಿದ ಬದಲಾವಣೆಗಳ ದಾಖಲೆ)ಗಳನ್ನು ಫೋಟೋಶಾಪ್ ಡ್ರೈವ್‌ನಲ್ಲಿ ಬರೆದಿಟ್ಟುಕೊಂಡು, ಮುಚ್ಚುವಾಗ ಅಳಿಸುತ್ತದೆ.
— ವೆಂ.

ಇದಕ್ಕೆ ಪದ ಆಗಲೇ ಇದೆ: ಕಡತ. ಕಚೇರಿಯ ಫೈಲ್ ಅಲ್ಲ, ಹಳೆಯ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದದ್ದು. ಒರೆಸಿ ಮತ್ತೆ ಬರೆಯಬಹುದಿತ್ತು. ಸ್ಕ್ರ್ಯಾಚ್ ಡಿಸ್ಕ್‌ನ ಕೆಲಸವೂ ಅದೇ ತಾನೆ? ‘ಡಿಸ್ಕ್’ ಸೇರಿಸುವುದೂ ಬೇಡ.
— ನಾ.

ಮೇಷ್ಟ್ರೇ, ಇವತ್ತು ಕಡತ ಎಂದರೆ ಫೈಲ್, ಅಷ್ಟೇ. ‘ಕಡತ ತುಂಬಿದೆ’ ಎಂದು ಓದಿದವರು ತಮ್ಮ ಫೋಟೊಗಳನ್ನೇ ಅಳಿಸಲು ಕೂರುತ್ತಾರೆ.

ಸು. ಅವರೇ, ಪದ ಆಮೇಲಾಯಿತು, ವಾಕ್ಯವೇ ತಪ್ಪು. 100% ಕೊಟ್ಟರೆ ಆಪರೇಟಿಂಗ್ ಸಿಸ್ಟಂಗೆ ಏನೂ ಉಳಿಯದೆ ಅದೂ ಡ್ರೈವ್‌ಗೆ ಬರೆಯತೊಡಗುತ್ತದೆ, ಇಡೀ ಲ್ಯಾಪ್‌ಟಾಪ್ ತೆವಳುತ್ತದೆ. ಎಡಿಟ್ > ಪ್ರಿಫರೆನ್ಸಸ್ > ಪರ್ಫಾರ್ಮೆನ್ಸ್‌ನಲ್ಲಿ ಮೊದಲಿಗೆ 70% ಇರುತ್ತದೆ. 5%ರಂತೆ ಏರಿಸಿ ನೋಡಲಿ, 85% ದಾಟುವುದು ಬೇಡ. ಮುಚ್ಚಿ ತೆರೆದ ಮೇಲೆಯೇ ಅದು ಜಾರಿಗೆ ಬರುವುದು.

ಇನ್ನು ಆ ಸಂದೇಶ ಹೇಳುತ್ತಿರುವುದು ಡ್ರೈವ್‌ನಲ್ಲಿ ಜಾಗ ಮುಗಿದಿದೆ ಎಂದು. ಬೇಡದ ಫೈಲ್ ತೆಗೆಯಬೇಕು, ಇಲ್ಲವೇ ‘ಸ್ಕ್ರ್ಯಾಚ್ ಡಿಸ್ಕ್ಸ್’ ಪುಟದಲ್ಲಿ ಜಾಗವಿರುವ ಇನ್ನೊಂದು ಡ್ರೈವ್‌ಗೆ ಗುರುತು ಹಾಕಬೇಕು. ಫೋಟೋಶಾಪ್ ತೆರೆಯುವುದೇ ಇಲ್ಲವೆಂದರೆ, ಶುರುವಾಗುವಾಗ ವಿಂಡೋಸ್‌ನಲ್ಲಿ ಕಂಟ್ರೋಲ್ + ಆಲ್ಟ್, ಮ್ಯಾಕ್‌ನಲ್ಲಿ ಕಮಾಂಡ್ + ಆಪ್ಷನ್ ಒತ್ತಿ ಹಿಡಿದರೆ ಡ್ರೈವ್ ಆರಿಸಲು ಕೇಳುತ್ತದೆ. ಹಿಸ್ಟರಿ ಸ್ಟೇಟ್ಸ್ (ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬಹುದು ಎಂಬ ಲೆಕ್ಕ) ಮೊದಲಿಗೆ 50 ಇರುತ್ತದೆ, 20ಕ್ಕೆ ಇಳಿಸಿದರೂ ಹೊರೆ ತಗ್ಗುತ್ತದೆ. ಫೋಟೋಶಾಪ್ ಕಿಟಕಿಯ ಕೆಳ ಅಂಚಿನ ಪಟ್ಟಿಯಲ್ಲಿ ‘ಎಫಿಶಿಯೆನ್ಸಿ’ 100%ಗಿಂತ ಇಳಿದರೆ ಸ್ಕ್ರ್ಯಾಚ್ ಬಳಕೆ ಶುರುವಾಗಿದೆ ಎಂದು ತಿಳಿಯಬೇಕು.
— ವೆಂ.

ಬಳಕೆ ತಪ್ಪಿದ ಮಾತ್ರಕ್ಕೆ ಪದ ಸಾಯುವುದಿಲ್ಲ.
— ನಾ.

‘ತಾತ್ಕಾಲಿಕ’ ಸಂಸ್ಕೃತ, ‘ಡಿಸ್ಕ್’ ಇಂಗ್ಲಿಶ್. ಕನ್ನಡಿಗರಿಗೆ ಕನ್ನಡ ಬೇಡವೇ? ಎರಡರ ಬದಲು ‘ಗೀಚುಬಿಲ್ಲೆ’ ಎನ್ನಿ. “ಗೀಚುಬಿಲ್ಲೆಯಲ್ಲಿ ಜಾಗ ಖಾಲಿ ಇಲ್ಲ.” ಯಾರಿಗೆ ತಿಳಿಯುವುದಿಲ್ಲ?
— ಬ.

ನನಗೆ. ಗೀರು ಬಿದ್ದ ಸಿ.ಡಿ. ಇರಬೇಕು ಅಂದುಕೊಂಡೆ. ಎಸ್‌ಎಸ್‌ಡಿ ಎಂಬ ಚಿಪ್ ಡ್ರೈವ್ ಒಳಗೆ ಬಿಲ್ಲೆಯೂ ಇಲ್ಲ, ಬಿಡಿ. ಅಂದಹಾಗೆ ‘ಜಾಗ’ ಪಾರಸಿ, ‘ಬದಲು’, ‘ಖಾಲಿ’ ಎರಡೂ ಅರಬ್ಬಿ. ಅವಕ್ಕೆ ಒಳಗೆ ಮಣೆ ಹಾಕಿ ‘ಡಿಸ್ಕ್’ ಒಂದನ್ನೇ ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ?
— ಗೀ.

ನೂರಾರು ವರ್ಷ ಜನರ ಬಾಯಲ್ಲಿ ತಿರುಗಿ ಬಂದದ್ದು ಬೇರೆ, ನಿನ್ನೆ ಮೆನುವಿನಿಂದ ಉದುರಿದ್ದು ಬೇರೆ. ಈ ಮಿಂಚಂಚೆ ಪಟ್ಟಿಯಲ್ಲಿ ಇದನ್ನು ಎಷ್ಟು ಸಲ ಹೇಳಬೇಕು?
— ಬ.

ವೆಂ. ಸರ್, ವಾಕ್ಯ ತಿದ್ದಿದೆ. ಮೆನು ಇಂಗ್ಲಿಶ್‌ನಲ್ಲೇ ಇರುವುದರಿಂದ ‘ಸ್ಕ್ರ್ಯಾಚ್ ಡಿಸ್ಕ್’ ಎಂದೇ ಇಡುತ್ತೇನೆ. ಮೊದಲ ಸಲ ಬರುವಲ್ಲಿ “ರ‍್ಯಾಮ್ ಸಾಲದಾಗ ಫೋಟೋಶಾಪ್ ಬಳಸಿಕೊಳ್ಳುವ ಡ್ರೈವ್” ಎಂಬ ವಿವರಣೆ. ಇನ್ನೊಂದೇ ಒಂದು: ‘ಕ್ಯಾಶ್ ಲೆವೆಲ್ಸ್’. ಓದಿದವರು ದುಡ್ಡು ಅಂದುಕೊಂಡಾರು.
— ಸು.

ಮೂಲ ಫ್ರೆಂಚ್, ಬಚ್ಚಿಡು ಎಂದರ್ಥ. ‘ಬಚ್ಚಿಕೆ’ ಎನ್ನಬಹುದು.
— ನಾ.

ಬೇಡ ಮೇಷ್ಟ್ರೇ. ಅಲ್ಲಿ ಬಚ್ಚಿಡುವುದೇನಿಲ್ಲ, ಝೂಮ್ ಮಾಡಿದಾಗ ಬೇಗ ಕಾಣಲೆಂದು ಚಿತ್ರದ ಸಣ್ಣ ಪ್ರತಿಗಳನ್ನು ಮೊದಲೇ ಮಾಡಿಟ್ಟುಕೊಳ್ಳುತ್ತದೆ. ಮೊದಲಿಗೆ 4 ಇರುತ್ತದೆ. ಚಿತ್ರ ಚಿಕ್ಕದು, ಲೇಯರ್ ಬಹಳ ಎಂದರೆ 2. ತೀರಾ ದೊಡ್ಡ ಚಿತ್ರಕ್ಕೆ ಏರಿಸಬಹುದು, 8ರವರೆಗೆ ಹೋಗುತ್ತದೆ. ಕೈಪಿಡಿಯಲ್ಲಿ ‘ಕ್ಯಾಶೆ’ ಎಂದು ಬರೆಯಿರಿ, ದುಡ್ಡಿನ ಗೊಂದಲ ತಪ್ಪುತ್ತದೆ.
— ವೆಂ.