ಅಜ್ಜನ 1969ರ ಫಿಯೆಟ್: ಮಾಸಿದ ಬಣ್ಣಕ್ಕೆ ಪಾಲಿಶ್ ಸಾಕೇ, ಹೊಸದಾಗಿ ಬಣ್ಣ ಹೊಡೆಸಬೇಕೇ?

ತೋಟದಮನೆ, ಮೂಡಿಗೆರೆ

ನಮ್ಮ ಮನೆಯಲ್ಲಿ 1969ರ ಫಿಯೆಟ್ 1100 ಡಿಲೈಟ್ ಇದೆ, ಕಡು ನೀಲಿ. ಅಜ್ಜ ಹೊಸದಾಗಿ ಕೊಂಡದ್ದು, ಆಮೇಲೆ ಚಿಕ್ಕಪ್ಪ ಓಡಿಸಿದರು, ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್, ಬ್ರೇಕ್ ಎಲ್ಲ ಸರಿಮಾಡಿಸಿ ಆಯಿತು. ತೊಂದರೆ ಇರುವುದು ಬಣ್ಣದಲ್ಲಿ. ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ಬೆರಳಿಗೆ ನೀಲಿ ಪುಡಿ ಹತ್ತುತ್ತದೆ. ಚಾವಣಿ ಬಿಳಿಚಿಕೊಂಡಿದೆ. ಬಾಗಿಲು ತೆಗೆದರೆ ಒಳ ಅಂಚಿನಲ್ಲಿ ಮಾತ್ರ ಅಂದಿನ ನೀಲಿ ಹಾಗೆಯೇ ಇದೆ.

ಪೇಟೆಯ ಒಂದು ಗ್ಯಾರೇಜಿನವರು ಪೂರ್ತಿ ಕೆರೆದು ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿ ಎನ್ನುತ್ತಾರೆ. ಇನ್ನೊಬ್ಬರು ಯಂತ್ರದಲ್ಲಿ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈ ಉಜ್ಜುವ ಪೇಸ್ಟ್) ಹಾಕಿ ಒಂದೇ ಮಧ್ಯಾಹ್ನದಲ್ಲಿ ಹೊಳಪು ತರಿಸುತ್ತೇನೆ ಎನ್ನುತ್ತಾರೆ. ಹಿಂದಿನಂತೆ ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಕು ಎನ್ನುವುದು ಚಿಕ್ಕಪ್ಪನ ಮಾತು. ಅಜ್ಜ ಕಂಡ ಬಣ್ಣವನ್ನೇ ಉಳಿಸಿಕೊಳ್ಳುವ ಆಸೆ ನನ್ನದು. ಸಾಧ್ಯವೇ? ಆಯುಧಪೂಜೆಗೆ ಗಾಡಿಯನ್ನು ಹೊರಗೆ ತರಬೇಕೆಂದಿದ್ದೇವೆ.

ಕಾರುಪ್ರಿಯ, ಹುಬ್ಬಳ್ಳಿ

ಪುಡಿ ಉದುರುತ್ತಿದೆ ಎಂದ ಮೇಲೆ ಆ ಬಣ್ಣದ ಆಯುಷ್ಯ ಮುಗಿಯಿತು ಎಂದೇ ಅರ್ಥ ಸರ್. ಪಿಯು ಹೊಡೆಸಿ, ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಪದರ) ಹಾಕಿಸಿ. ನಾಲ್ಕೈದು ವರ್ಷ ಯೋಚನೆಯೇ ಇರುವುದಿಲ್ಲ. ಖರ್ಚು ಹೆಚ್ಚು, ಆದರೆ ಒಮ್ಮೆ ಮಾತ್ರ.

ಹಳೆಯ ಪೇಂಟರ್, ಮೈಸೂರು

ತೋಟದಮನೆಯವರೇ, ದಯವಿಟ್ಟು ಯಾರಿಗೂ ಕೆರೆಯಲು ಬಿಡಬೇಡಿ. ಎನ್‌ಸಿ, ಅಂದರೆ ಹಳೆಯ ಕಾಲದ ನೈಟ್ರೋಸೆಲ್ಯುಲೋಸ್ ಪೇಂಟಿನ ಕಾಲದಿಂದ ಕಾರುಗಳಿಗೆ ಬಣ್ಣ ಹೊಡೆದೇ ಬದುಕಿದವನು ನಾನು. ಹೊಸ ಬಣ್ಣ ಎಂದಾದರೂ ಹೊಡೆಸಬಹುದು. 1969ರ ಬಣ್ಣವನ್ನು ಮತ್ತೆ ಯಾರೂ ತಂದುಕೊಡಲಾರರು.

ನಿಮ್ಮ ಬೆರಳಿಗೆ ಹತ್ತಿದ ನೀಲಿ ಪುಡಿ ಒಳ್ಳೆಯ ಸುದ್ದಿ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರ ಇರುತ್ತದೆ, ಆ ಪದರ ಸಿಪ್ಪೆಯೇಳತೊಡಗಿದರೆ ಯಾವ ಪಾಲಿಶ್‌ಗೂ ಅದು ಬಗ್ಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಆ ಪದರವೇ ಇಲ್ಲ, ಮೇಲಿನಿಂದ ಕೆಳಗಿನವರೆಗೂ ಬಣ್ಣವೇ. ಬಿಸಿಲಿಗೆ ಮೇಲ್ಮೈಯ ಅಂಟು ಸತ್ತು ಬಣ್ಣದ ಕಣ ಸಡಿಲವಾಗಿ ಪುಡಿಯಾಗುತ್ತದೆ. ಅದರ ಕೆಳಗೆ ಗಟ್ಟಿ ನೀಲಿ ಇನ್ನೂ ಇರುತ್ತದೆ. ಎಷ್ಟು ಇದೆ ಎನ್ನುವುದೇ ಪ್ರಶ್ನೆ.

ಅದಕ್ಕೆ ಮೊದಲು ಅಳತೆ ಮಾಡಿಸಿ. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಒಳ್ಳೆಯ ಡೀಟೇಲಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. 100 ಮೈಕ್ರಾನ್ ಎಂದರೆ ನೀವು ಜೆರಾಕ್ಸ್ ಮಾಡಿಸುವ ಒಂದು ಹಾಳೆಯ ದಪ್ಪ. ಮೂಲ ಬಣ್ಣ ಸುಮಾರು ಅಷ್ಟೇ ಇರುವುದು, ಅದರಲ್ಲೇ ಪ್ರೈಮರೂ (ಬಣ್ಣದ ಅಡಿಯ ಪದರ) ಸೇರಿರುತ್ತದೆ. ಎಲ್ಲಾದರೂ 300 ದಾಟಿದರೆ ಅಲ್ಲಿ ಆಮೇಲೆ ಬಣ್ಣ ಹೊಡೆದಿದ್ದಾರೆ, ಸಾವಿರ ದಾಟಿದರೆ ಒಳಗೆ ತಗ್ಗು ತುಂಬುವ ಪುಟ್ಟಿ ಇದೆ ಎಂದು ತಿಳಿಯಿರಿ. ಇನ್ನೊಂದು ಪರೀಕ್ಷೆ: ಡಿಕ್ಕಿಯ ಒಳಗೆ ಕಾಣದ ಮೂಲೆಯಲ್ಲಿ ಹತ್ತಿಗೆ ಎನ್‌ಸಿ ಥಿನ್ನರ್ ತಾಗಿಸಿ ಒಮ್ಮೆ ಒತ್ತಿ ತೆಗೆಯಿರಿ. ಬಣ್ಣ ಕರಗಿ ಹತ್ತಿಗೆ ಬಂದರೆ ಎನ್‌ಸಿ. ಹೊರಗಡೆಯೂ ಯಾವುದಾದರೂ ಅಂಚಿನ ಕೆಳಗೆ ಹೀಗೇ ನೋಡಿ. ಅಲ್ಲಿ ಏನೂ ಬಾರದಿದ್ದರೆ ಯಾರೋ ನಂತರ ಪಿಯು ಹೊಡೆದಿರಬಹುದು.

ಯಂತ್ರದ ಮಾತು. ಎನ್‌ಸಿ ಬಣ್ಣವನ್ನು ನಾವು ತೆಳುವಾಗಿ ಪದರ ಪದರ ಹೊಡೆದು, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಕೊನೆಗೆ ಕಾಂಪೌಂಡಿನಲ್ಲಿ ತಿಕ್ಕಿಯೇ ಹೊಳಪು ತರುತ್ತಿದ್ದೆವು. ಸ್ಪ್ರೇ ಗನ್ನಿನಿಂದ ಬಂದ ಬಣ್ಣಕ್ಕೆ ಹೊಳಪು ಕಡಿಮೆ. ಅಂದರೆ ಕಾರು ಹೊಸದಿದ್ದಾಗಲೇ ಬಣ್ಣ ಒಂದಷ್ಟು ತಿಕ್ಕಿಸಿಕೊಂಡಿರುತ್ತದೆ. ಆಮೇಲೆ ಪ್ರತಿ ಹಬ್ಬಕ್ಕೂ ಡ್ರೈವರ್ ತಿಕ್ಕಿರುತ್ತಾನೆ. ಈಗ ಉಣ್ಣೆಯ ಪ್ಯಾಡ್ ಕಟ್ಟಿದ ಯಂತ್ರವನ್ನು ಬಾನೆಟ್ಟಿನ ಏಣಿನ ಮೇಲೆ ಇಟ್ಟರೆ ಕ್ಷಣದಲ್ಲಿ ಪ್ರೈಮರ್ ಕಾಣುತ್ತದೆ. ನಿಮ್ಮ ಗಾಡಿಯ ಹಿಂಬದಿಯ ಆ ಚೂಪು ರೆಕ್ಕೆಗಳ ಮೇಲಂತೂ ಬಣ್ಣ ಅತಿ ತೆಳು. ಒಂದೇ ಮಧ್ಯಾಹ್ನದಲ್ಲಿ ಹೊಳಪು ಬರುತ್ತದೆ, ನಿಜ. ಅಷ್ಟೇ ಬಣ್ಣ ಪ್ಯಾಡಿನಲ್ಲಿ ಹೋಗಿರುತ್ತದೆ.

ಸೀಮೆಎಣ್ಣೆಗೆ ನನ್ನ ವಿರೋಧವಿದೆ. ಒರೆಸಿದ ದಿನ ಮಿರುಗುತ್ತದೆ, ಹಿಂದೆ ಇದ್ದ ಮೇಣವೂ ಕರಗಿ ಹೋಗುತ್ತದೆ. ಉಳಿದ ಜಿಡ್ಡಿಗೆ ಧೂಳು ಕೂರುತ್ತದೆ. ಮರುದಿನ ಒಣಬಟ್ಟೆಯಲ್ಲಿ ಒರೆಸಿದರೆ ಆ ಧೂಳೇ ಗೀರು ಹಾಕುತ್ತದೆ. ಚಿಕ್ಕಪ್ಪನವರಿಗೆ ಬೇಸರವಾಗದಂತೆ ಹೇಳಿ.

ಮಾಡಬೇಕಾದದ್ದು ಇಷ್ಟು. ನೆರಳಿನಲ್ಲಿ, ತಣ್ಣನೆಯ ಬಾಡಿಗೆ ಕಾರ್ ಶಾಂಪೂ ಹಾಕಿ ತೊಳೆಯಿರಿ, ಬಟ್ಟೆ ಒಗೆಯುವ ಪುಡಿ ಬೇಡ. ಪೂರ್ತಿ ಒಣಗಲಿ. ನಂತರ ಉಜ್ಜುವ ಕಣವಿಲ್ಲದ, ಎಣ್ಣೆಯಂಶವಿರುವ ಗ್ಲೇಜ್ ಬೇಕು. ಮೆಗ್ವಯರ್ಸ್ ಕಂಪನಿಯ ನಂಬರ್ 7 ಗ್ಲೇಜ್ ಇಂಥ ಹಳೆಯ ಬಣ್ಣಕ್ಕೆ ಹೇಳಿ ಮಾಡಿಸಿದ ಸರಕು. ಟರ್ಕಿ ಟವೆಲಿನ ತುಂಡಿಗೆ ಧಾರಾಳವಾಗಿ ಹಾಕಿ ಕೈಯಿಂದಲೇ ತಿಕ್ಕಿ. ಟವೆಲ್ ನೀಲಿಯಾಗುತ್ತದೆ, ಗಾಬರಿಯಾಗಬೇಡಿ, ಸತ್ತ ಬಣ್ಣವೇ ಅದು. ಅದರ ಮೇಲೆ ಇನ್ನೊಂದು ದಪ್ಪ ಕೈ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿ ನೋಡಿ, ಬಾಗಿಲಿನ ಒಳ ಅಂಚಿನ ನೀಲಿಗೆ ಬಾನೆಟ್ ಎಷ್ಟು ಹತ್ತಿರ ಬಂದಿದೆ ಎಂದು ನಿಮಗೇ ತಿಳಿಯುತ್ತದೆ. ಸಾಲದಿದ್ದರೆ ಇನ್ನೊಮ್ಮೆ. ಆಮೇಲೂ ಮಂಕಾಗಿರುವ ಕಡೆ ಮಾತ್ರ ಅತಿ ನಯವಾದ ಪಾಲಿಶ್, ಅದೂ ಕೈಯಿಂದಲೇ, ಏಣುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು.

ವ್ಯಾಕ್ಸ್ ಕಡೆಯದು. ಹೊಳಪನ್ನು ಪಾಲಿಶ್ ತರುತ್ತದೆ, ವ್ಯಾಕ್ಸ್ ಅದನ್ನು ಕಾಯುತ್ತದೆ. ಕಾರ್ನೌಬಾ ವ್ಯಾಕ್ಸ್ ಬಳಸಿ: ಅದು ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ, ಸುಮಾರು 82 ಡಿಗ್ರಿಯವರೆಗೂ ಕರಗದು, ಕಡು ಬಣ್ಣಗಳಿಗೆ ಆಳ ಕೊಡುತ್ತದೆ. ತೆಳುವಾಗಿ ಹಚ್ಚಿ, ಮಂಜು ಕಟ್ಟಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ತೆಗೆಯಿರಿ. ನೀರು ಹಾಕಿದಾಗ ಹನಿ ಗುಂಡಗೆ ನಿಲ್ಲುವುದು ತಪ್ಪಿದರೆ ಮತ್ತೆ ಹಚ್ಚಿ. ನಿಮ್ಮ ಕಡೆಯ ಮಳೆಗೆ ಮೇ ಕೊನೆಯಲ್ಲಿ ಒಂದು ಕೈ ಬೇಕೇ ಬೇಕು. ಸಿಲಿಕೋನ್ ಇರುವ ತಕ್ಷಣದ ಹೊಳಪಿನ ಸ್ಪ್ರೇಗಳು ಬೇಡ. ಮುಂದೆ ಎಲ್ಲಾದರೂ ಟಚ್-ಅಪ್ ಮಾಡಿಸಿದರೆ ಆ ಜಾಗದಲ್ಲಿ ಹೊಸ ಬಣ್ಣ ನಿಲ್ಲದೆ ಗುಳಿಗುಳಿಯಾಗುತ್ತದೆ.

ತೋಟದಮನೆ, ಮೂಡಿಗೆರೆ

ಬಹಳ ಉಪಕಾರವಾಯಿತು ಸರ್. ಥಿನ್ನರಿಗೆ ನೀಲಿ ಕರಗಿ ಬಂತು, ಹೊರಗೂ ಒಳಗೂ. ಮೀಟರಿನಲ್ಲಿ ಬಾಗಿಲು, ಡಿಕ್ಕಿ 90ರಿಂದ 120. ಎಡ ಮುಂಭಾಗದ ಮಡ್‌ಗಾರ್ಡ್ ಮಾತ್ರ 400ರ ಮೇಲೆ, ಅಲ್ಲಿ ಎಮ್ಮೆ ಗುದ್ದಿತ್ತಂತೆ. ಆದರೆ ಚಾವಣಿಯ ಮೇಲೆ ಕೂದಲೆಳೆಯಂಥ ಬಿರುಕುಗಳಿವೆ, ಓರೆಯಾಗಿ ನೋಡಿದರೆ ಕಾಣುತ್ತವೆ. ಅಲ್ಲಿಗೂ ಇದೇ ಕ್ರಮವೇ?

ಹಳೆಯ ಪೇಂಟರ್, ಮೈಸೂರು

ಎನ್‌ಸಿ ಬಣ್ಣ ಒಣಗಿ ಬಿಗಿದಾಗ ಬರುವ ಬಿರುಕು ಅದು. ಅದನ್ನು ಯಾವ ಪಾಲಿಶ್‌ನಿಂದಲೂ ಮುಚ್ಚಲಾಗದು, ಮುಚ್ಚುತ್ತೇನೆ ಎಂದವರನ್ನು ನಂಬಬೇಡಿ. ಚಾವಣಿಗೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಹಚ್ಚಬೇಡಿ, ಪ್ರೆಶರ್ ವಾಷ್ ಬೇಡವೇ ಬೇಡ. ನೀರು ಬಿರುಕಿನಲ್ಲಿ ಇಳಿದರೆ ತಗಡು ತುಕ್ಕು ಹಿಡಿಯುತ್ತದೆ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಗ್ಲೇಜನ್ನು ಹಗುರವಾಗಿ ಕೊಡಿ, ಬಿಳಿ ಪುಡಿ ಉಳಿಸುವ ವ್ಯಾಕ್ಸ್ ಬಿಟ್ಟು ಮೆತ್ತನೆಯ ಪೇಸ್ಟ್ ವ್ಯಾಕ್ಸ್ ಬಳಸಿ. ಇಲ್ಲವಾದರೆ ಪ್ರತಿ ಬಿರುಕೂ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಬಿರುಕು ಇರಲಿ ಬಿಡಿ. ಐವತ್ತು ವರ್ಷ ದಾಟಿದ ಬಣ್ಣಕ್ಕೆ ಅದು ಸಹಜ, ನನಗಂತೂ ಅದನ್ನು ನೋಡಿದರೆ ಗೌರವ ಹುಟ್ಟುತ್ತದೆ.

ಮಡ್‌ಗಾರ್ಡನ್ನು ಬೇಕಾದರೆ ಒಳ್ಳೆಯ ಪೇಂಟರ್‌ನಿಂದ ಬಣ್ಣ ಹೊಂದಿಸಿ ಹೊಡೆಸಿ. ಬಾಗಿಲಿಗೆ ಗ್ಲೇಜ್ ಆಗಿ ನಿಜವಾದ ನೀಲಿ ಹೊರಬಂದ ನಂತರವೇ ಹೊಂದಿಸಬೇಕು. ಈಗಿನ ಮಾಸಿದ ಬಣ್ಣಕ್ಕೆ ಹೊಂದಿಸಿದರೆ ಆಮೇಲೆ ಎರಡೂ ಬೇರೆಯಾಗುತ್ತವೆ.

ಅಂಬಾಸಿಡರ್ ಮನೆ, ದಾವಣಗೆರೆ

ಆಯುಧಪೂಜೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮದು ಬಿಳಿ ಅಂಬಾಸಿಡರ್, ನಮ್ಮ ಯಜಮಾನರಿಗಿಂತ ಅದರ ಆರೈಕೆ ಹೆಚ್ಚಾಗಿ ನನ್ನದೇ. ಗ್ಲೇಜ್ ಕುಡಿದ ಹಳೆಯ ಬಣ್ಣಕ್ಕೆ ಒದ್ದೆ ಕುಂಕುಮ ನೇರವಾಗಿ ಹಚ್ಚಿದರೆ ಕಲೆ ಉಳಿಯುವ ಭಯವಿದೆ, ಈಗಿನ ಕುಂಕುಮದಲ್ಲಿ ಬಣ್ಣದ ರಾಸಾಯನಿಕ ಇರುತ್ತದೆ. ಅರಿಸಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ, ಕುಂಕುಮದ್ದು ಹಾಗಲ್ಲ. ಆದ್ದರಿಂದ ವ್ಯಾಕ್ಸ್ ಹಬ್ಬಕ್ಕೆ ಮೊದಲೇ ಮುಗಿದಿರಲಿ. ನಾವು ಬಾನೆಟ್ಟಿನ ಮೇಲೆ ವೀಳ್ಯದೆಲೆ ಇಟ್ಟು ಎಲೆಗೇ ಅರಿಸಿನ ಕುಂಕುಮ ಇಡುತ್ತೇವೆ, ಗಾಡಿಗೆ ಇಡಲೇಬೇಕು ಎನ್ನುವ ಅತ್ತೆಯವರಿಗಾಗಿ ಮುಂದಿನ ಗಾಜಿಗೆ ಒಂದು ಬೊಟ್ಟು. ಚೆಂಡುಹೂವಿನ ಹಾರವನ್ನು ಅದೇ ಸಂಜೆ ತೆಗೆಯಿರಿ, ಒದ್ದೆ ಹೂವಿನ ರಸವೂ ಕಲೆ ಮಾಡುತ್ತದೆ. ಬೂದುಗುಂಬಳ ಒಡೆಯುವುದು ಗಾಡಿಯಿಂದ ದೂರದಲ್ಲಿ. ಉದುರಿದ ಕುಂಕುಮವನ್ನು ಕೈಯಿಂದ ಒರೆಸದೆ ಮೊದಲು ನೀರು ಹರಿಸಿ ಕಳೆಯಿರಿ, ಚಾವಣಿಯ ಮೇಲಿನದನ್ನು ಮಾತ್ರ ಮೆತ್ತನೆಯ ಬ್ರಷ್‌ನಲ್ಲಿ ಕೊಡವಿ.