5.1 ರೀಮಿಕ್ಸ್: ಹಾಡಿನ ದನಿ ಟೊಳ್ಳು, ಡ್ರಮ್ಸ್ ಸಪ್ಪೆ. ಎಲ್ಲಿ ಹುಡುಕಲಿ?

ಹಳೇಟೇಪು

ಎಲ್ಲರಿಗೂ ನಮಸ್ಕಾರ. ಎಪ್ಪತ್ತರ ದಶಕದ ಒಂದು ರಾಕ್ ಆಲ್ಬಮ್ಮನ್ನು 5.1ಕ್ಕೆ, ಅಂದರೆ ಮುಂದೆ ಮೂರು, ಹಿಂದೆ ಎರಡು ಸ್ಪೀಕರ್ ಮತ್ತು ಒಂದು ಸಬ್‌ವೂಫರಿಗೆ, ರೀಮಿಕ್ಸ್ ಮಾಡುತ್ತಿದ್ದೇನೆ. ಬ್ಯಾಂಡಿನವರೇ ಒಪ್ಪಿ ಕೊಟ್ಟ ಟೇಪು. ಎರಡು ಇಂಚು, 16 ಟ್ರ್ಯಾಕ್. 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ಕಂಪ್ಯೂಟರಿಗೆ ಇಳಿಸಿದ್ದಾರೆ. ಟ್ರಾನ್ಸ್‌ಫರ್ ಬಗ್ಗೆ ದೂರಿಲ್ಲ.

ಕೇಳುವವರು ಮಾತ್ರ ಸಾಮಾನ್ಯದವರಲ್ಲ. ಈ ಆಲ್ಬಮ್ಮಿನಲ್ಲಿ ಯಾರು ಎಲ್ಲಿ ಕೆಮ್ಮಿದರು ಅನ್ನುವುದೂ ಬಾಯಿಪಾಠ ಇರುವ ಜನ. ಕೆಲವರಿಗೆ ಮಾದರಿಗೆಂದು ಹಾಡು ಕಳಿಸಿದೆ. ದನಿ ಟೊಳ್ಳಾಗಿದೆ, ತಲೆ ಸ್ವಲ್ಪ ಅಲ್ಲಾಡಿಸಿದರೆ ಅದರ ಬಣ್ಣವೇ ಬದಲಾಗುತ್ತದೆ ಅಂದರು. ಅದು ನನ್ನ ಕೋಣೆಯಲ್ಲೂ ಕೇಳಿಸುತ್ತದೆ. ಡ್ರಮ್ಸ್ ಸ್ಟೀರಿಯೋದಲ್ಲಿ ಎದೆಗೆ ಗುದ್ದುತ್ತಿತ್ತು, ಇದರಲ್ಲಿ ಸಪ್ಪೆ ಅನ್ನುವುದು ಎಲ್ಲರ ಮಾತು. ಒಬ್ಬರದಂತೂ ವಿಚಿತ್ರ: ನಡುವಿನಲ್ಲಿ ಇರಬೇಕಾದ್ದು ಮುಂದಿನ ಬಲ ಸ್ಪೀಕರಿನಿಂದ ಬರುತ್ತಿದೆಯಂತೆ, ಬಲಗಡೆ ಇರಬೇಕಾದ ಗಿಟಾರು ನಡುವಿನಿಂದ. ಹಿಂದಿನ ಎಡಗಡೆ ಇಟ್ಟಿದ್ದ ಆರ್ಗನ್ ಪೂರ್ತಿ ನಾಪತ್ತೆ. ಹಿಂದಿನ ಬಲ ಸ್ಪೀಕರಿನಲ್ಲಿ ಬರೀ ಗುಡುಗುಡು. ಸ್ಪೀಕರ್ ವೈರು ಎಲ್ಲ ಪರೀಕ್ಷಿಸಿದ್ದಾರೆ, ಸರಿಯಾಗೇ ಇದೆ.

ಎಲ್ಲಿಂದ ಶುರು ಮಾಡಲಿ?

ನಡುಸ್ಪೀಕರ್

ವಿಚಿತ್ರ ಅಂದಿರಲ್ಲ, ಅದೇ ಎಲ್ಲಕ್ಕಿಂತ ಸುಲಭ. ನಿಮ್ಮ ಫೈಲು ಸಿನಿಮಾ ಕ್ರಮದಲ್ಲಿದೆ: ಎಡ, ನಡು, ಬಲ, ಹಿಂದಿನ ಎಡ, ಹಿಂದಿನ ಬಲ, ಎಲ್‌ಎಫ್‌ಇ (ತಗ್ಗು ಶಬ್ದದ ಚಾನೆಲ್). ಅವರ ಪ್ಲೇಯರು ವೇವ್ ಫೈಲಿನ ಮಾಮೂಲಿ ಕ್ರಮ ಅಂದುಕೊಂಡು ಓದುತ್ತಿದೆ: ಎಡ, ಬಲ, ನಡು, ಎಲ್‌ಎಫ್‌ಇ, ಹಿಂದಿನ ಎಡ, ಹಿಂದಿನ ಬಲ. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ನಿಮ್ಮ ಎರಡನೇ ಚಾನೆಲ್, ಅಂದರೆ ನಡು, ಬಲಕ್ಕೆ ಹೋಯಿತು. ಮೂರನೆಯದು, ಬಲ ಗಿಟಾರು, ನಡುವಿಗೆ. ನಾಲ್ಕನೆಯದು ಆರ್ಗನ್, ಅದು ಸಬ್‌ವೂಫರಿಗೆ ಹೋಗಿ ಬಿತ್ತು. ಸಬ್‌ವೂಫರಿನಲ್ಲಿ ಆರ್ಗನ್ ಎಲ್ಲಿಂದ ಕೇಳಿಸಬೇಕು? ಆರನೆಯದು ಎಲ್‌ಎಫ್‌ಇ, ಅದೇ ಹಿಂದಿನ ಬಲದ ಗುಡುಗುಡು. ಹಿಂದಿನ ಬಲದಲ್ಲಿ ನೀವು ಇಟ್ಟಿದ್ದು ಅವರಿಗೆ ಹಿಂದಿನ ಎಡದಲ್ಲಿ ಕೇಳಿಸುತ್ತಿರಬೇಕು, ಒಂದ್ಸಲ ಕೇಳಿ ನೋಡಿ.

ಎರಡನೇ ಕ್ರಮದಲ್ಲೇ ಎಕ್ಸ್‌ಪೋರ್ಟ್ ಮಾಡಿ. ಜೊತೆಗೆ ಒಂದು ಚಿಕ್ಕ ಫೈಲು ಮಾಡಿ ಕಳಿಸಿ. ಪ್ರತಿ ಚಾನೆಲ್‌ನಲ್ಲೂ ಅದರ ಹೆಸರನ್ನೇ ಮಾತಾಡಿ: "ಮುಂದೆ ಎಡ", "ನಡು", ಹೀಗೆ. ಹಾಡಿಗಿಂತ ಮೊದಲು ಎಲ್ಲರೂ ಅದನ್ನು ಕೇಳಲಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಉಳಿದಿದ್ದಕ್ಕೆ ಉತ್ತರ ಬೇಕು. ದನಿ ಯಾವ ಯಾವ ಸ್ಪೀಕರಿನಲ್ಲಿದೆ, ಎಷ್ಟೆಷ್ಟು? ನಿಮ್ಮ ಮುಂದಿನ ಮೂರು ಸ್ಪೀಕರ್ ಹೇಗೆ ಇಟ್ಟಿದ್ದೀರಿ? ಎಲ್‌ಎಫ್‌ಇಗೆ ಏನು ಕಳಿಸುತ್ತಿದ್ದೀರಿ? ಹಳೆಯ ಸ್ಟೀರಿಯೋ ಮಿಕ್ಸ್ ಅನ್ನು ಮೊದಲು ಕಟ್ಟಿಕೊಂಡಿರಾ, ಇಲ್ಲ ನೇರ 5.1ಕ್ಕೆ ಇಳಿದಿರಾ?

ಹಳೇಟೇಪು

ಚಾನೆಲ್ ಕ್ರಮ ಅದೇ ಸರ್. ಹಿಂದಿನ ಬಲದ್ದು ಎಡದಲ್ಲಿ ಕೇಳಿಸುತ್ತಿತ್ತು ಅಂದರು. ಬದಲಾಯಿಸಿ ಕಳಿಸಿದೆ, ಸರಿಹೋಯಿತು.

ದನಿ ಮುಂದಿನ ಮೂರರಲ್ಲೂ ಸಮಸಮ ಇದೆ. ಕೆಲವರ ನಡುವಿನ ಸ್ಪೀಕರ್ ತೀರಾ ಚಿಕ್ಕದು, ಅದೊಂದನ್ನೇ ನಂಬಿದರೆ ಕಷ್ಟ ಅಂತ. ಮೂರೂ ಸ್ಪೀಕರ್ ಒಂದೇ ಉದ್ದ ಮೇಜಿನ ಮೇಲೆ ಸಾಲಾಗಿವೆ. ಎಡ, ಬಲ ಎರಡೂ ಕಿವಿಯಿಂದ 2 ಮೀಟರ್. ಆಡಿಯೋ ಇಂಟರ್‌ಫೇಸಿನಿಂದ ನೇರ ಸ್ಪೀಕರಿಗೆ ವೈರು, ನಡುವೆ ರಿಸೀವರ್ (ಹೋಮ್ ಥಿಯೇಟರ್ ಆಂಪ್ಲಿಫೈಯರ್) ಇಲ್ಲ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಬೇಸ್ ಗಿಟಾರು ಮುಂದೆಯೂ ಇವೆ, ಎಲ್‌ಎಫ್‌ಇಗೂ ಹೋಗುತ್ತವೆ. ಸ್ಟೀರಿಯೋ ಕಟ್ಟಿಲ್ಲ, ನೇರ 5.1.

ನಡುಸ್ಪೀಕರ್

ಹಾಗಾದರೆ ಟೊಳ್ಳು ಎಲ್ಲಿಂದ ಬಂತು ಅನ್ನುವುದು ಲೆಕ್ಕ ಹಾಕಿದರೇ ಸಿಗುತ್ತದೆ. ಎಡ ಬಲ ಸ್ಪೀಕರ್ 30 ಡಿಗ್ರಿಯಲ್ಲಿ, 2 ಮೀಟರ್ ದೂರ. ನಡುವಿನದು ಅದೇ ಸಾಲಿನಲ್ಲಿದ್ದರೆ ಅದು ನಿಮಗೆ 1.73 ಮೀಟರ್ ದೂರದಲ್ಲಿದೆ. ಅಂದರೆ 27 ಸೆಂಟಿಮೀಟರ್ ಹತ್ತಿರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹಾಗಾಗಿ ನಡುವಿನ ದನಿ ಸುಮಾರು 0.8 ಮಿಲಿಸೆಕೆಂಡ್ ಮುಂಚೆ ಕಿವಿಗೆ ಬೀಳುತ್ತದೆ. ಒಂದೇ ದನಿ ಇಷ್ಟು ಅಂತರದಲ್ಲಿ ಎರಡು ಸಲ ಬಂದರೆ ಸುಮಾರು 640 ಹರ್ಟ್ಜ್‌ನಲ್ಲಿ ಒಂದು ಹಳ್ಳ ಬೀಳುತ್ತದೆ. ಅದರ ಮೂರು ಪಟ್ಟಿನಲ್ಲಿ ಇನ್ನೊಂದು, ಐದು ಪಟ್ಟಿನಲ್ಲಿ ಮತ್ತೊಂದು. ಮನುಷ್ಯನ ದನಿಯ ಮೈಯೆಲ್ಲ ಇರುವುದು ಅಲ್ಲೇ. ತಲೆ ಅಲ್ಲಾಡಿದರೆ ಅಂತರ ಬದಲಾಗುತ್ತದೆ, ಹಳ್ಳವೂ ಸರಿಯುತ್ತದೆ. ಬಣ್ಣ ಬದಲಾಗುತ್ತದೆ ಅಂದದ್ದು ಇದನ್ನೇ.

ಐದೂ ಸ್ಪೀಕರ್ ಒಂದೇ ವೃತ್ತದ ಮೇಲೆ ಇರಬೇಕು ಎಂದು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ) ಹೇಳುವುದು ಸುಮ್ನೆ ಅಲ್ಲ. ನಡುವಿನದನ್ನು 27 ಸೆಂಟಿಮೀಟರ್ ಹಿಂದಕ್ಕೆ ತಳ್ಳಿ. ಜಾಗ ಇಲ್ಲದಿದ್ದರೆ ಆ ಔಟ್‌ಪುಟ್ಟಿಗೆ 0.8 ಮಿಲಿಸೆಕೆಂಡ್ ಡಿಲೇ ಹಾಕಿ. ಡಿಲೇ ಮಾನಿಟರ್ ಔಟ್‌ಪುಟ್ಟಿಗೆ ಮಾತ್ರ, ಮಿಕ್ಸ್‌ಗೆ ಅಲ್ಲ. ಹಿಂದಿನವು 100ರಿಂದ 120 ಡಿಗ್ರಿ ನಡುವೆ ಇರಲಿ, ತೀರಾ ಬೆನ್ನ ಹಿಂದೆ ಬೇಡ.

ಆದರೆ ನಿಮ್ಮ ಕೋಣೆ ಸರಿಹೋದರೆ ಕೇಳುಗರ ಕೋಣೆ ಸರಿಹೋಗುವುದಿಲ್ಲವಲ್ಲ. ಮೂರರಲ್ಲೂ ಸಮಸಮ ಇಡುವುದನ್ನೇ ಬಿಡಿ. ನನ್ನ ಅಭಿಪ್ರಾಯ: ಮುಖ್ಯ ದನಿ ನಡುವಿನಲ್ಲಿ ಗಟ್ಟಿಯಾಗಿರಲಿ, ಎಡಬಲದಲ್ಲಿ ಅದೇ ದನಿ ಸಾಕಷ್ಟು ಕೆಳಗಿರಲಿ, ಅದರ ಪ್ಲೇಟ್ ರಿವರ್ಬ್ (ಕೃತಕ ಪ್ರತಿಧ್ವನಿ) ಮಾತ್ರ ಧಾರಾಳವಾಗಿ ಹರಡಲಿ. ಎರಡು ಸಲ ಹಾಡಿ ರೆಕಾರ್ಡ್ ಮಾಡಿದ ದನಿ ಇದ್ದರೆ ಒಂದೊಂದನ್ನು ಒಂದೊಂದು ಕಡೆ ಇಡಬಹುದು. ಅವು ಬೇರೆ ಬೇರೆ ಹಾಡಿಕೆ, ಹಾಗಾಗಿ ಈ ತಾಪತ್ರಯ ಇಲ್ಲ.

ಒಂದು ಎಚ್ಚರಿಕೆ. ಇಂಥ ಕೇಳುಗರು ಉಳಿದ ಸ್ಪೀಕರ್ ಎಲ್ಲ ಆಫ್ ಮಾಡಿ ನಡುವಿನದನ್ನು ಮಾತ್ರ ಕೇಳುತ್ತಾರೆ. ಕೇಳೇ ಕೇಳುತ್ತಾರೆ. ಹಾಡುವವನ ಹೆಡ್‌ಫೋನಿನಿಂದ ಸೋರಿದ ಡ್ರಮ್ಸ್, ಪಂಚ್ ಇನ್ ಮಾಡಿದ (ನಡುವೆ ಮತ್ತೆ ರೆಕಾರ್ಡ್ ಮಾಡಿದ) ಜಾಗದ ಟಿಕ್ ಶಬ್ದ, ಎಲ್ಲ ಅಲ್ಲಿ ಬಯಲಾಗುತ್ತದೆ. ಟಿಕ್ ತೆಗೆಯಿರಿ. ಉಸಿರು ಮಾತ್ರ ತೆಗೆಯಬೇಡಿ, ಅದು ಅವರಿಗೆ ಗೊತ್ತಿರುವ ಉಸಿರು. ನಡುವಿಗೂ ಸ್ವಲ್ಪ ರಿವರ್ಬ್ ಕಳಿಸಿದರೆ ದನಿ ಬೆತ್ತಲಾಗಿ ನಿಲ್ಲುವುದಿಲ್ಲ.

ಇನ್ನು ಡ್ರಮ್ಸ್. ಎಲ್‌ಎಫ್‌ಇಯಿಂದ ಕಿಕ್ ತೆಗೆದು ಕೇಳಿ. ಎಲ್‌ಎಫ್‌ಇ ಅನ್ನುವುದು ಸಬ್‌ವೂಫರ್ ಅಲ್ಲ, ಅದೊಂದು ಬೇರೆ ಚಾನೆಲ್. 120 ಹರ್ಟ್ಜ್‌ವರೆಗೆ ಮಾತ್ರ ಇರುತ್ತದೆ, ಕೇಳಿಸುವಾಗ ಅದಕ್ಕೆ 10 ಡಿಬಿ ಜಾಸ್ತಿ ಸಿಗುತ್ತದೆ. ಮುಂದಿನ ಸ್ಪೀಕರ್ ಚಿಕ್ಕದಿದ್ದವರ ರಿಸೀವರು ಸಾಮಾನ್ಯವಾಗಿ 80 ಹರ್ಟ್ಜ್‌ನ ಕೆಳಗಿನದನ್ನು ಹೇಗೂ ಸಬ್‌ವೂಫರಿಗೇ ಕಳಿಸುತ್ತದೆ. ಆಗ ಒಂದೇ ಕಿಕ್ ಎರಡು ದಾರಿಯಲ್ಲಿ ಅಲ್ಲಿಗೆ ಬರುತ್ತದೆ, ಎರಡು ಬೇರೆ ಫಿಲ್ಟರ್ ದಾಟಿ. ಫೇಸ್ (ಅಲೆಗಳ ಏರಿಳಿತ) ಹೊಂದುವುದಿಲ್ಲ, ಒಂದನ್ನೊಂದು ತಿಂದುಹಾಕುತ್ತವೆ. ರಾಕ್ ಆಲ್ಬಮ್ಮಿಗೆ ಎಲ್‌ಎಫ್‌ಇ ಬಹುಪಾಲು ಖಾಲಿ ಇದ್ದರೂ ನಷ್ಟ ಇಲ್ಲ. 5.1 ಅನ್ನು ಎರಡು ಸ್ಪೀಕರಿಗೆ ಮಡಿಸುವಾಗ ಸಾಮಾನ್ಯವಾಗಿ ಅದನ್ನು ಪೂರ್ತಿ ಬಿಟ್ಟುಬಿಡುತ್ತಾರೆ, ಇದೂ ನೆನಪಿರಲಿ.

ಇಷ್ಟಾದರೂ ಡ್ರಮ್ಸ್ ಪೂರ್ತಿ ಬರಲಿಕ್ಕಿಲ್ಲ. ಆ ಗುದ್ದು ನಿಮ್ಮ 16 ಟ್ರ್ಯಾಕಿನಲ್ಲಿ ಇಲ್ಲವೇ ಇಲ್ಲ. ಅದು ಹುಟ್ಟಿದ್ದು ಮಿಕ್ಸ್ ಮಾಡಿದ ದಿನ, ಇಡೀ ಮಿಕ್ಸ್‌ನ ಮೇಲೆ ಕೂತಿದ್ದ ಸ್ಟೀರಿಯೋ ಕಂಪ್ರೆಸರ್‌ನಲ್ಲಿ (ಜೋರಾದದ್ದನ್ನು ತಾನಾಗಿ ತಗ್ಗಿಸುವ ಯಂತ್ರ). ಸ್ನೇರ್ ಡ್ರಮ್ಮಿಗೆ ಏಟು ಬಿದ್ದಾಗ ಗಿಟಾರು, ಆರ್ಗನ್ ಎಲ್ಲ ಒಂದು ಕ್ಷಣ ತಗ್ಗಿ ಮತ್ತೆ ಉಬ್ಬುತ್ತವೆ. ಹಳೆಯ ಎಲ್‌ಪಿಯಲ್ಲಿ ಸಿಂಬಲ್ ಬಾಲವನ್ನೇ ಕೇಳಿ: ಸ್ನೇರ್ ಆದಮೇಲೆ ಸಿಂಬಲ್ ದೊಡ್ಡದಾಗುತ್ತದೆ. ನಿಜ ಜೀವನದಲ್ಲಿ ಸಿಂಬಲ್ ಹಾಗೆ ಮಾಡುವುದಿಲ್ಲ ಅಲ್ವಾ.

ಅದಕ್ಕೇ ಮೊದಲು ಸ್ಟೀರಿಯೋ ಕಟ್ಟಿ. ಸ್ಟೀವನ್ ವಿಲ್ಸನ್ ಇಂಥ ಹಳೆಯ ಆಲ್ಬಮ್ಮುಗಳಿಗೆ ಮಾಡುವುದೂ ಅದನ್ನೇ. ಹಳೆಯ ಮಿಕ್ಸ್ ಅನ್ನು ಪಕ್ಕದಲ್ಲಿಟ್ಟುಕೊಂಡು ಮಟ್ಟ, ಪ್ಯಾನ್, ಎಕೋ, ಫೇಡ್ ಎಲ್ಲ ಹೊಂದಿಸಿ, ಆಮೇಲೆ 5.1ಕ್ಕೆ ಬಿಡಿಸುವುದು. ಹೋಲಿಸಲು ಜೋರು ಮಾಡಿದ ರೀಮಾಸ್ಟರ್ ಸಿಡಿ ಬೇಡ, ಮೂಲ ಮಾಸ್ಟರಿನ ನೇರ ಟ್ರಾನ್ಸ್‌ಫರ್ ಸಿಕ್ಕರೆ ಒಳ್ಳೆಯದು. ಎರಡರ ವಾಲ್ಯೂಮ್ ಸಮ ಮಾಡಿಯೇ ಹೋಲಿಸಿ. ಕಂಪ್ರೆಸರ್ ಸ್ಟೀರಿಯೋದಲ್ಲಿ ಕೂತ ಮೇಲೆ, ಅದೇ ಸ್ಟೀರಿಯೋ ಮಿಕ್ಸ್ ಅನ್ನು ಸೈಡ್‌ಚೈನಿಗೆ (ಕಂಪ್ರೆಸರ್ ಯಾವುದನ್ನು ಕೇಳಿ ತಗ್ಗಿಸಬೇಕೋ ಆ ದಾರಿಗೆ) ಕೊಟ್ಟು ಐದೂ ಚಾನೆಲ್ ಒಟ್ಟಿಗೆ ತಗ್ಗುವ ಹಾಗೆ ಮಾಡಿ. ಬೇರೆ ಬೇರೆ ಕಂಪ್ರೆಸರ್ ಹಾಕಿದರೆ ಹಿಂದಿನದು ಒಂದು ತಾಳದಲ್ಲಿ, ಮುಂದಿನದು ಇನ್ನೊಂದರಲ್ಲಿ ಉಸಿರಾಡುತ್ತದೆ.

ಕ್ವಾಡ್‌ಕಾಲದವ

ಇಷ್ಟೆಲ್ಲ ಯಾಕೆ, ನಡುವಿನ ಸ್ಪೀಕರನ್ನೇ ಬಿಡಿ! 1973ರಲ್ಲಿ ಅಲನ್ ಪಾರ್ಸನ್ಸ್ ಮಾಡಿದ ಪಿಂಕ್ ಫ್ಲಾಯ್ಡ್‌ನ ದಿ ಡಾರ್ಕ್ ಸೈಡ್ ಆಫ್ ದಿ ಮೂನ್ ಕ್ವಾಡ್ (ನಾಲ್ಕು ಸ್ಪೀಕರ್) ಮಿಕ್ಸ್‌ನಲ್ಲಿ ನಡುವಿನ ಸ್ಪೀಕರೇ ಇಲ್ಲ. 2003ರಲ್ಲಿ ಜೇಮ್ಸ್ ಗತ್ರೀ 5.1 ಮಾಡಿದರು, ಸೂಪರ್ ಆಡಿಯೋ ಸಿಡಿಯಲ್ಲಿ ಬಂತು. ಆದರೂ ಕ್ವಾಡೇ ಚೆಂದ ಅನ್ನುವವರು ಇವತ್ತಿಗೂ ಇದ್ದಾರೆ, ನಾನೂ ಒಬ್ಬ. ಮತ್ತೆ ಹಿಂದಿನ ಸ್ಪೀಕರಿಗೆ ಬರೀ ಪ್ರತಿಧ್ವನಿ ಹಾಕಿ ಮುಗಿಸಬೇಡಿ. ಸರೌಂಡ್ ಕೇಳಲು ಕೂತವನಿಗೆ ಹಿಂದಿನಿಂದ ಒಂದು ಗಿಟಾರಾದರೂ ಬರಬೇಕು.

ನಡುಸ್ಪೀಕರ್

ಗಿಟಾರಿನ ಮಾತು ಒಪ್ಪಿದೆ. ನಡುವಿನದನ್ನು ಬಿಡುವುದು ಸರಿ ಮಧ್ಯದಲ್ಲಿ ಕೂತ ಒಬ್ಬನಿಗೆ ಚೆನ್ನ. ಸೋಫಾದ ತುದಿಯಲ್ಲಿ ಕೂತವನಿಗೆ ದನಿ ಹತ್ತಿರದ ಸ್ಪೀಕರಿಗೆ ಅಂಟಿಕೊಳ್ಳುತ್ತದೆ. ಡ್ರಮ್ಸ್‌ನ ಮೊದಲ ಏಟು ಮಾತ್ರ ಮುಂದೆಯೇ ಇರಲಿ, ಹಿಂದಕ್ಕೆ ರೂಮ್ ಮೈಕ್ ಸಾಕು. ಓವರ್‌ಹೆಡ್ (ಡ್ರಮ್ಸ್ ಮೇಲಿನ ಮೈಕ್) ಹಿಂದಕ್ಕೆ ಹಾಕಿದರೆ ಸೆಟ್ ಎರಡು ತುಂಡಾಗುತ್ತದೆ.

ಹಳೇಟೇಪು

ನಡುವಿನ ಸ್ಪೀಕರ್ ಹಿಂದಕ್ಕೆ ತಳ್ಳಿದೆ, ದನಿಗೆ ಮೈ ಬಂತು. ಕಿಕ್ ಎಲ್‌ಎಫ್‌ಇಯಿಂದ ತೆಗೆದೆ, ಅದೂ ಗಟ್ಟಿಯಾಯಿತು. ಈಗ ಸ್ಟೀರಿಯೋ ಕಟ್ಟಲು ಕೂತರೆ ಹೊಸ ತಲೆನೋವು. ಹಳೆಯ ಮಿಕ್ಸ್ ಮತ್ತು ನನ್ನದು ಒಟ್ಟಿಗೆ ಶುರುವಾಗುತ್ತವೆ, ನಾಲ್ಕು ನಿಮಿಷದ ಹಾಡಿನ ಕೊನೆಗೆ ನನ್ನದು ಎರಡು ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುತ್ತದೆ. ಬೇರೊಂದು ಹಾಡಿನಲ್ಲಿ ಎರಡನೇ ಪಲ್ಲವಿಯವರೆಗೆ ಚೆನ್ನಾಗಿ ಹೋಗಿ, ಅಲ್ಲಿಂದ ಒಮ್ಮೆಲೇ ಬೇರೆಯೇ ಹಾಡಿಕೆ!

ಟೇಪ್‌ಮರುಳ

ಎರಡೂ ಮಾಮೂಲಿ. ಎರಡು ಟೇಪ್ ಯಂತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡುವುದಿಲ್ಲ. ಆದರೆ ನಾಲ್ಕು ನಿಮಿಷಕ್ಕೆ ಎರಡು ಸೆಕೆಂಡ್ ದಾಟಿತು ಅಂದರೆ ಅದು ಶೇಕಡಾ 1ರ ಹತ್ತಿರ. ಮಿಕ್ಸ್ ಮಾಡುವಾಗ ಬೇಕೆಂದೇ ವೇಗ ಏರಿಸಿರಬಹುದು, ಆ ಕಾಲದಲ್ಲಿ ಹಾಡಿಗೆ ಚುರುಕು ಬರಲಿ ಅಂತ ಮಾಡುತ್ತಿದ್ದರು. ಶೇಕಡಾ 1 ಅಂದರೆ ಅರ್ಧ ಸ್ವರದ ಆರನೇ ಒಂದು ಪಾಲು ಶ್ರುತಿ ಮೇಲೆ. ಬಾಯಿಪಾಠ ಇರುವವರಿಗೆ ಅದು ತಿಳಿಯುತ್ತದೆ, ಹಾಡು ಯಾಕೋ ಮಂದ ಅನ್ನಿಸುತ್ತದೆ. ಇಡೀ 16 ಟ್ರ್ಯಾಕಿಗೆ ಒಟ್ಟಿಗೆ, ಟೇಪಿನ ಹಾಗೆ ವೇಗ ಮತ್ತು ಶ್ರುತಿ ಜೊತೆಗೇ ಏರುವಂತೆ ಮಾಡಿ. ಟೈಮ್ ಸ್ಟ್ರೆಚ್ ಬೇಡ, ಸಿಂಬಲ್ ಹಾಳಾಗುತ್ತದೆ. ಆಮೇಲೂ ಅಲ್ಲಲ್ಲಿ ಕೆಲವು ಮಿಲಿಸೆಕೆಂಡ್ ಆಚೀಚೆ ಆದರೆ ಬಿಟ್ಟುಬಿಡಿ.

ಎರಡನೆಯದು ಬ್ಲೇಡ್ ಹಾಕಿ ಕತ್ತರಿಸಿದ ಮಾಸ್ಟರು. ಮಿಕ್ಸ್ ಆದ ಕಾಲು ಇಂಚಿನ ಟೇಪಿನಲ್ಲಿ ಎರಡು ಟೇಕ್ ಅಂಟಿಸಿದ್ದಾರೆ. ಬೇರೆ ರೀಲಿನಲ್ಲಿ ಆ ಟೇಕ್ ಇರಲೇಬೇಕು. ಟೇಪ್ ಡಬ್ಬಿಯ ಮೇಲಿನ ಟ್ರ್ಯಾಕ್ ಚೀಟಿ ನೋಡಿ, ಬ್ಯಾಂಡಿನವರನ್ನು ಕೇಳಿ. ಬೀಟಲ್ಸ್‌ನ 1967ರ ಸಾರ್ಜೆಂಟ್ ಪೆಪ್ಪರ್ 4 ಟ್ರ್ಯಾಕ್ ಯಂತ್ರದಲ್ಲಿ ಆದದ್ದು, ಟ್ರ್ಯಾಕ್ ತುಂಬಿದಾಗೆಲ್ಲ ಒಟ್ಟುಗೂಡಿಸಿ ಇನ್ನೊಂದು ಟೇಪಿಗೆ ಇಳಿಸುತ್ತಿದ್ದರು. 2017ರ ರೀಮಿಕ್ಸ್‌ಗೆ ಜೈಲ್ಸ್ ಮಾರ್ಟಿನ್ ಆ ಮೊದಲ ಟೇಪುಗಳಿಗೇ ಹೋದರು. ನಿಮ್ಮದು ಅದಕ್ಕಿಂತ ಸುಲಭ. ರೀಲು ಸಿಗದೇ ಹೋದರೆ ಆ ಭಾಗಕ್ಕೆ ಹಳೆಯ ಸ್ಟೀರಿಯೋವನ್ನೇ ಬಳಸಿ ಹಿಂದಕ್ಕೆ ರಿವರ್ಬ್ ಕೊಡಿ, ಕೇಳುಗರಿಗೆ ಮುಂಚೆಯೇ ಹೇಳಿಬಿಡಿ.

ಹಳೇಟೇಪು

ರೀಲು ಸಿಕ್ಕಿತು, ಹೊರಗೆ "ಕೆಟ್ಟ ಟೇಕ್" ಅಂತ ಬರೆದಿತ್ತು! ವೇಗವೂ ಹೊಂದಿತು. ಸೈಡ್‌ಚೈನ್ ಹಾಕಿದ ಮೇಲೆ ಡ್ರಮ್ಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅದೇ ಒಳ್ಳೆಯ ಲಕ್ಷಣ ಅಂದುಕೊಂಡಿದ್ದೇನೆ.

ಕೊನೆಯದೊಂದು. ಒಬ್ಬರಿಗೆ 6 ಚಾನೆಲ್ ಫ್ಲ್ಯಾಕ್ ಫೈಲು ಕಳಿಸಿದರೆ ಎರಡೇ ಸ್ಪೀಕರಿನಲ್ಲಿ ಬರುತ್ತದೆ. ಆಪ್ಟಿಕಲ್ ಕೇಬಲ್ ಅಂತೆ. ಕುಗ್ಗಿಸಿ ಡಾಲ್ಬಿ ಡಿಜಿಟಲ್ ಮಾಡಿ ಕೊಟ್ಟೆ, ಈಗ ಆರೂ ಬರುತ್ತದೆ ಆದರೆ ದನಿಯೆಲ್ಲ ಸಣ್ಣ, ಜೋರಾದ ಜಾಗದಲ್ಲಿ ಅಮುಕಿದ ಹಾಗಿದೆ ಅನ್ನುತ್ತಾರೆ.

ನಡುಸ್ಪೀಕರ್

ಆಪ್ಟಿಕಲ್‌ನಲ್ಲಿ ಕುಗ್ಗಿಸದ ಆಡಿಯೋ ಎರಡು ಚಾನೆಲ್ ಮಾತ್ರ ಹೋಗುತ್ತದೆ. ಅವರ ರಿಸೀವರಿನಲ್ಲಿ ಎಚ್‌ಡಿಎಂಐ ಇದ್ದರೆ ಅದಕ್ಕೆ ಬದಲಾಯಿಸಲಿ, ಫ್ಲ್ಯಾಕ್ ಹಾಗೇ ಬರುತ್ತದೆ. ಇಲ್ಲದಿದ್ದರೆ ಎನ್‌ಕೋಡರಿನಲ್ಲಿ ಡಯಲ್‌ನಾರ್ಮ್ (ಡಿಕೋಡರು ಎಷ್ಟು ಇಳಿಸಬೇಕು ಅನ್ನುವ ಸೂಚನೆ) ನೋಡಿ. ಮೈನಸ್ 27 ಇದ್ದರೆ ಡಿಕೋಡರು 4 ಡಿಬಿ ಇಳಿಸುತ್ತದೆ, ಮೈನಸ್ 31 ಮಾಡಿ, ಆಗ ಇಳಿಸುವುದಿಲ್ಲ. ಡೈನಮಿಕ್ ರೇಂಜ್ ಪ್ರೊಫೈಲ್ ಸಿನಿಮಾದ್ದು ಇರುತ್ತದೆ, ಅದನ್ನು "ನನ್" (None, ಯಾವುದೂ ಬೇಡ) ಮಾಡಿ. ಬಿಟ್‌ರೇಟ್ ಸೆಕೆಂಡಿಗೆ 640 ಕಿಲೋಬಿಟ್ ಇಡಿ. ಅವರು ಡಿವಿಡಿಗೆ ಹಾಕಿ ಕೇಳುವುದಾದರೆ ಮಾತ್ರ 448. ಅವರ ರಿಸೀವರಿನಲ್ಲಿ ರಾತ್ರಿ ಮೋಡ್ ಆನ್ ಇದೆಯಾ ಅಂತಲೂ ಒಮ್ಮೆ ಕೇಳಿ.