ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಕ್ರ್ಯಾಶ್, ಡೀಬಗ್‌ನಲ್ಲಿ ಸರಿಯಿದೆ. ಅನುಭವ ಇದ್ದೋರು ಹೇಳಿ

ಹೊಸಪರದೆ: ಕಾಟ್ಲಿನ್‌ನಲ್ಲಿ ಬರೆದ ಆಂಡ್ರಾಯ್ಡ್ ಆಪ್. ಡೀಬಗ್‌ನಲ್ಲಿ (ಬರೀತಾ ಪರೀಕ್ಷೆ ಮಾಡೋ ಬಿಲ್ಡ್) ಎರಡು ತಿಂಗಳಿಂದ ಒಂದ್ಸಲಾನೂ ಬಿದ್ದಿಲ್ಲ. ರಿಲೀಸ್ (ಜನರಿಗೆ ಕೊಡೋ ಬಿಲ್ಡ್) ಹಾಕಿದ್ರೆ ಲಾಗಿನ್ ಆಗತ್ತೆ, ಲಿಸ್ಟ್ ತೆರೆಯೋ ಹೊತ್ತಿಗೆ ಮುಚ್ಕೊಂಡು ಹೋಗತ್ತೆ. ನಾಡಿದ್ದು ಕೊಡ್ಬೇಕು. ಆರ್8 (ಬೇಡದ ಕೋಡ್ ಕಿತ್ತು, ಹೆಸರುಗಳನ್ನ ಚಿಕ್ಕದು ಮಾಡೋ ಟೂಲ್) ಆಫ್ ಮಾಡಿ ಕಳಿಸ್ಬಿಡ್ಲಾ, ಇಲ್ಲಾ ಕೂತು ಹುಡುಕ್ಲಾ?

ಪಾಳಿಕಾರ: ನಂದು ಕೇಳಿ. ಬಿಲ್ಡ್ ಮಾಡೋ ಗ್ರೇಡಲ್ ಪ್ಲಗಿನ್ 7ರಿಂದ 8ಕ್ಕೆ ಏರಿಸಿದ್ದು ಅಷ್ಟೇ, ಕೋಡ್ ಒಂದು ಸಾಲೂ ಮುಟ್ಟಿರ್ಲಿಲ್ಲ. 8ರಿಂದ ಆರ್8 ಫುಲ್ ಮೋಡ್ (ಇನ್ನೂ ಜಾಸ್ತಿ ಕಿತ್ತಾಕೋದು) ಡೀಫಾಲ್ಟ್, ಅದು ರಿಲೀಸ್ ನೋಟ್ಸಲ್ಲೇ ಇತ್ತು, ನಾನು ಓದಿರ್ಲಿಲ್ಲ. ಟೈಪ್‌ಟೋಕನ್ ಇದ್ದ ಕಡೆಯೆಲ್ಲ ಜೆನೆರಿಕ್ ಸಿಗ್ನೇಚರ್ ಕಿತ್ತಾಕ್ತು, ಲಿಸ್ಟ್ ಒಳಗೆ ಯಾವ ಕ್ಲಾಸ್ ಇದೆ ಅಂತ ಜಿಸಾನ್‌ಗೆ (ಸರ್ವರ್ ಕಳಿಸಿದ ಡೇಟಾನ ಕ್ಲಾಸ್‌ಗೆ ತುಂಬೋ ಲೈಬ್ರರಿ) ಗೊತ್ತೇ ಆಗ್ಲಿಲ್ಲ. ಅದು ಸರಿಮಾಡಿದೆ, ಇನ್ನೊಂದು ಬಂತು. ಡೇಟಾ ಕ್ಲಾಸ್ ಫೀಲ್ಡ್ ಹೆಸರೆಲ್ಲ ಎ, ಬಿ, ಸಿ ಆಗಿದ್ವು, ಸರ್ವರ್ ಕಳಿಸೋದು 'ನೇಮ್', ಜಿಸಾನ್ ಹುಡುಕೋದು 'ಎ', ಸಿಗದೇ ನಲ್ (ಖಾಲಿ) ಬಿಟ್ಟು ಹೋಗತ್ತೆ. ಕಾಟ್ಲಿನ್‌ನಲ್ಲಿ ನಲ್ ಬರಲ್ಲ ಅಂತ ಬರೆದಿದ್ದೀನಲ್ಲ ಅಂತ ಧೈರ್ಯವಾಗಿದ್ದೆ, ಆದ್ರೆ ಜಿಸಾನ್ ರಿಫ್ಲೆಕ್ಷನ್‌ನಲ್ಲಿ (ಆಪ್ ಓಡೋವಾಗ ಫೀಲ್ಡನ್ನ ಹೆಸರಿಂದ ಹುಡುಕಿ) ತುಂಬ್ಸೋದು, ಅದಕ್ಕೆ ಆ ಕಾವಲು ಲೆಕ್ಕಕ್ಕೇ ಇಲ್ಲ. ಪಾರ್ಸ್ ಆಗೋ ಕಡೆ ಬೀಳಲ್ಲ, ಎಲ್ಲೋ ಅಡಾಪ್ಟರ್‌ನಲ್ಲಿ (ಲಿಸ್ಟನ್ನ ಪರದೆಗೆ ತೋರ್ಸೋ ಕೋಡ್) ಬೀಳತ್ತೆ. ನಾಲ್ಕು ರಾತ್ರಿ ಏನೂ ತಪ್ಪಿಲ್ಲದ ಅಡಾಪ್ಟರನ್ನೇ ತಿದ್ದಿದೀನಿ. ಅದಕ್ಕಿಂತ ಹೊಟ್ಟೆ ಉರಿದಿದ್ದು ಮ್ಯಾಪಿಂಗ್ ಫೈಲ್ (ಯಾವ ಹೆಸರು ಏನಾಯ್ತು ಅನ್ನೋ ಪಟ್ಟಿ) ವಿಷ್ಯದಲ್ಲಿ. ಕ್ಲೈಂಟ್ ಕೈಲಿದ್ದ ಎಪಿಕೆ ಕ್ರ್ಯಾಶ್ ಲಾಗ್ ಬಂದಾಗ ನಾನು ಅದಾಗ್ಲೇ ಆರು ಸಲ ಬಿಲ್ಡ್ ಮಾಡಿದ್ದೆ, ಪ್ರತಿ ಬಿಲ್ಡೂ ಹಳೇ ಮ್ಯಾಪಿಂಗ್ ಮೇಲೇ ಬರೆದುಬಿಡತ್ತೆ. ರಿಟ್ರೇಸ್ ಮಾಡೋಕೆ, ಅಂದ್ರೆ ಲಾಗ್‌ನಲ್ಲಿ ಮೂಲ ಹೆಸರು ವಾಪಸ್ ತರೋಕೆ, ಏನೂ ಉಳಿದಿರ್ಲಿಲ್ಲ.

ಸಣ್ಣತಂಡ: ಆಫ್ ಮಾಡಿ ಕಳಿಸಿ. ನಾವು ಇಬ್ರೇ ಇರೋದು. ಆಪ್ 11 ಎಂಬಿ ಇದ್ದದ್ದು 23 ಆಯ್ತು, ಯಾರೂ ಕೇಳ್ಲಿಲ್ಲ. ಹುಡುಕ್ತಾ ಕೂತ ಮೂರು ವಾರದಲ್ಲಿ ರೇಟಿಂಗ್ 4.4ರಿಂದ 3.1ಕ್ಕೆ ಬಿತ್ತು, ಆಫ್ ಮಾಡಿ ಎರಡು ವರ್ಷ ಆಯ್ತು ಒಂದು ಕಂಪ್ಲೇಂಟ್ ಇಲ್ಲ. ಆ ಮೂರು ವಾರ ವಾಪಸ್ ಯಾರು ಕೊಡ್ತಾರೆ?

ಪಾಳಿಕಾರ: ಬಗ್ ಏನು ಅಂತ ಗೊತ್ತಾಗದೇ ಮುಚ್ಚಿಟ್ಟಿದ್ದೀರಿ ಅಷ್ಟೇ. ನಿಮ್ಮಿಂದ ಕೋಡ್ ತಗೊಳ್ಳೋರು ಆನ್ ಮಾಡಿದ ದಿನ ಅವರು ಅನುಭವಿಸ್ತಾರೆ.

ಸಣ್ಣತಂಡ: ನಾಲ್ಕು ರಾತ್ರಿ ಅಡಾಪ್ಟರ್ ತಿದ್ದಿದೋರು ನಂಗೆ ಹೇಳ್ತಿದೀರಾ. ಯೂಸರ್‌ಗೆ ಆಪ್ ತೆರ್ಕೊಂಡ್ರೆ ಸಾಕು.

ಹಕ್ಕಿಗೂಡು: ಆರ್8 ಅಂತ ಎಲ್ಲಾ ಅದರ ತಲೆಗೇ ಕಟ್ಟಬೇಡಿ. ನಾನು ಫ್ಲಟರ್‌ನಲ್ಲಿ (ಆಪ್ ಬರೆಯೋ ಇನ್ನೊಂದು ಫ್ರೇಮ್‌ವರ್ಕ್) ಕೆಲ್ಸ ಮಾಡ್ತಿದ್ದೆ. ಹೊಸ ಪ್ರಾಜೆಕ್ಟ್ ಮಾಡಿದಾಗ ಇಂಟರ್ನೆಟ್ ಪರ್ಮಿಷನ್ ಡೀಬಗ್, ಪ್ರೊಫೈಲ್ ಮ್ಯಾನಿಫೆಸ್ಟ್‌ನಲ್ಲಿ (ಪರ್ಮಿಷನ್ ಬರೆಯೋ ಫೈಲ್) ಮಾತ್ರ ಇರತ್ತೆ, ಮೇನ್‌ನಲ್ಲಿ ನಾವೇ ಹಾಕ್ಬೇಕು. ರಿಲೀಸ್‌ನಲ್ಲಿ ನೆಟ್ಟೇ ಇಲ್ಲ, ಬರೋ ಎರರ್ ನೋಡಿದ್ರೆ ಸರ್ವರ್ ಹೆಸರೇ ಸಿಗ್ತಿಲ್ಲ ಅನ್ನೋ ಥರ. ಸರ್ವರ್ ಹುಡುಗನ ಹತ್ರ ಎರಡು ದಿನ ಜಗಳ ಆಡಿದೆ. ಪಾಪ ಅವನದ್ದೇನೂ ತಪ್ಪಿರ್ಲಿಲ್ಲ. ಒಂದೇ ಒಂದು ಸಾಲು.

ಎರಡುದಡ: ಫ್ಲಟರ್ ವಿಷ್ಯ ಯಾಕೆ ಇಲ್ಲಿ, ಅವರು ಕಾಟ್ಲಿನ್ ಅಂತ ಹೇಳಿದಾರೆ.

ಹಕ್ಕಿಗೂಡು: ಅನುಭವ ಹೇಳಿ ಅಂದ್ರು, ಹೇಳ್ದೆ. ನಿಮ್ದೇನಾದ್ರೂ ಇದ್ರೆ ನೀವೂ ಹೇಳಿ.

ಎರಡುದಡ: ಇದೆ. ಸಿ++ ಲೈಬ್ರರಿ, ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ. ನಮ್ಮ ಹಿರಿಯರೊಬ್ರು ಅಸರ್ಟ್ (ತಪ್ಪಾದ್ರೆ ಪ್ರೋಗ್ರಾಂ ನಿಲ್ಸೋ ಪರೀಕ್ಷೆ) ಬ್ರಾಕೆಟ್ ಒಳಗೇ ಫೈಲ್ ಓಪನ್ ಮಾಡೋ ಫಂಕ್ಷನ್ ಕರೆದಿದ್ರು, ಓಪನ್ ಆಗಿಲ್ಲ ಅಂದ್ರೆ ನಿಲ್ಲಲಿ ಅಂತ. ರಿಲೀಸ್‌ನಲ್ಲಿ ಎನ್‌ಡೀಬಗ್ (ಅಸರ್ಟ್ ಆಫ್ ಮಾಡೋ ಸ್ವಿಚ್) ಸೆಟ್ ಆಗಿರತ್ತೆ, ಅಸರ್ಟ್ ಸಾಲು ಪೂರ್ತಿ ಮಾಯ, ಜೊತೆಗೆ ಫೈಲ್ ಓಪನ್ನೂ ಮಾಯ. ಲಾಗ್ ಹಾಕಿ ಹಾಕಿ ಸಾಕಾಗಿ ಹೋಯ್ತು, ಹನ್ನೊಂದನೇ ದಿನ ಆ ಸಾಲು ಕಣ್ಣಿಗೆ ಬಿತ್ತು. ತೋರ್ಸಿದ್ರೆ ಅವರು ಒಪ್ಪಲೇ ಇಲ್ಲ, ಕಂಪೈಲರ್ ತಪ್ಪು ಅಂದ್ರು. ಇವತ್ತಿಗೂ ಮಾತಾಡ್ಸಲ್ಲ ನನ್ನ.

ಪಾಳಿಕಾರ: ಹಂಗಾದ್ರೆ ನೀವೂ ಹುಡುಕಿಯೇ ಕಂಡುಹಿಡಿದ್ರಿ. ಸಣ್ಣತಂಡದೋರು ಇದನ್ನ ಓದ್ಲಿ.

ಸಣ್ಣತಂಡ: ಹನ್ನೊಂದು ದಿನ! ಓದಿದೆ. ಇವರಿಗಿರೋದು ಎರಡು ದಿನ.

ಹಳೇಕೀಲಿ: ಜಗಳ ಆಮೇಲೆ ಆಡಿ. @ಹೊಸಪರದೆ, ಒಂದು ಕೆಲ್ಸ ಮಾಡಿ. ಶ್ರಿಂಕ್ (ಕೋಡ್ ಕಿತ್ತಾಕೋದು) ಆನ್ ಇಟ್ಕೊಂಡೇ ಆರ್8 ರೂಲ್ಸ್ ಫೈಲಲ್ಲಿ ಡೋಂಟ್‌ಆಬ್ಫಸ್ಕೇಟ್ (ಹೆಸರು ಬದಲಾಯಿಸ್ಬೇಡ) ಅನ್ನೋ ಒಂದು ಸಾಲು ಸೇರ್ಸಿ ಬಿಲ್ಡ್ ಮಾಡಿ. ಬೀಳ್ದೇ ಇದ್ರೆ ಹೆಸರು ಬದಲಾದದ್ದು ಕಾರಣ, ಆಗ್ಲೂ ಬಿದ್ರೆ ಕೋಡನ್ನೇ ಕಿತ್ತಿರ್ಬೇಕು, ಇಲ್ಲಾ ಬೇರೇನೋ, ಆದ್ರೆ ಲಾಗ್‌ಕ್ಯಾಟ್‌ನಲ್ಲಿ (ಫೋನಿನ ಲಾಗ್) ನಿಜವಾದ ಹೆಸರುಗಳಾದ್ರೂ ಕಾಣತ್ತೆ. ಸೈನಿಂಗೂ (ಆಪ್‌ಗೆ ಹಾಕೋ ಡಿಜಿಟಲ್ ಸಹಿ) ನೋಡ್ಕೊಳ್ಳಿ. ಪ್ಲೇ ಸೈನಿಂಗ್ (ಗೂಗಲ್ಲೇ ಸಹಿ ಹಾಕೋದು) ಇದ್ರೆ ಸ್ಟೋರಿಂದ ಇಳಿಯೋ ಆಪ್‌ನ ಶಾ-1 (ಸಹಿ ಕೀಯ ಗುರುತು) ನಿಮ್ಮ ಅಪ್‌ಲೋಡ್ ಕೀದಲ್ಲ. ನಾನು ಅದನ್ನ ಸೇರಿಸದೇ ಗೂಗಲ್ ಲಾಗಿನ್‌ನಲ್ಲಿ ಒಂದು ವಾರ ಕಳ್ಕೊಂಡಿದೀನಿ, ನನ್ನ ಫೋನಲ್ಲಿ ಆಗೋದು, ಸ್ಟೋರಿಂದ ಇಳ್ಸಿದ್ರೆ ಆಗ್ತಿರ್ಲಿಲ್ಲ.

ಎರಡುದಡ: ಲಾಗಿನ್ ಆಗತ್ತೆ ಅಂತ ಮೊದಲ್ನೇ ಸಾಲಲ್ಲೇ ಇದೆಯಲ್ಲ ಸ್ವಾಮಿ.

ಹಳೇಕೀಲಿ: ಅವರ ಫೋನಲ್ಲಿ ಆಗತ್ತೆ. ನಂಗೂ ನನ್ನ ಫೋನಲ್ಲಿ ಆಗ್ತಿತ್ತು.

ಹೊಸಪರದೆ: ಡೋಂಟ್‌ಆಬ್ಫಸ್ಕೇಟ್ ಹಾಕ್ದೆ, ಲಿಸ್ಟ್ ತೆರ್ಕೊಳ್ತು! ತೆಗೆದ್ರೆ ಮತ್ತೆ ಬೀಳತ್ತೆ. ಪಾಳಿಕಾರರು ಹೇಳಿದ ಥರಾನೇ ಫೀಲ್ಡ್ ಹೆಸರು. ಪ್ರತಿ ಫೀಲ್ಡಿಗೂ ಸೀರಿಯಲೈಸ್ಡ್‌ನೇಮ್ (ಸರ್ವರ್ ಕಳಿಸೋ ಹೆಸರನ್ನ ಜಿಸಾನ್‌ಗೆ ಹೇಳೋ ಗುರುತು) ಹಾಕ್ತಾ ಕೂತಿದೀನಿ, ಒಟ್ಟು 43, ಈಗ 17 ಆಯ್ತು.

ಸಣ್ಣತಂಡ: ಡೋಂಟ್‌ಆಬ್ಫಸ್ಕೇಟ್‌ನಲ್ಲಿ ಓಡ್ತಿದೆ ಅಂದ್ಮೇಲೆ ನಾಡಿದ್ದಿಗೆ ಅದನ್ನೇ ಕೊಡಿ, ಉಳಿದ 26 ಆಮೇಲೆ ಹಾಕಿ.

ಪಾಳಿಕಾರ: ಕೊಡಬೇಡಿ, ಇವತ್ತೇ ಮುಗ್ಸಿ. ಕೊಟ್ಟ ಬಿಲ್ಡಿನ ಮ್ಯಾಪಿಂಗ್ ಫೈಲ್ ಮೊದಲು ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ.